ತಮ್ಮ ಬಿಟ್ಟುಹೋದ ತಂಡ

ನನ್ನ ತಮ್ಮ ಸೈನ್ಯಕ್ಕೆ ಆಯ್ಕೆಯಾಗಿ ಹೊರಟ ದಿನ ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ನಾವಿಬ್ಬರೇ ಇದ್ದೆವು. ಅಪ್ಪ, ಅವ್ವ, ಅಣ್ಣ, ಅತ್ತಿಗೆ ಎಲ್ಲರೂ ಕುಕನೂರಿನಲ್ಲಿ ಹಿಂದಿನ ದಿನವೇ ಆರತಿ ಎತ್ತಿ, ಅತ್ತು, ಅವನನ್ನು ಕಳಿಸಿಕೊಟ್ಟಿದ್ದರು. ನನ್ನ ಕೋಣೆಯಲ್ಲಿದ್ದ ತನ್ನ ಸರ್ಟಿಫಿಕೇಟು, ಬಟ್ಟೆ ತೆಗೆದುಕೊಂಡು ಅವನು ಕೊಪ್ಪಳಕ್ಕೆ ಹೋಗಿ ರೈಲು ಹಿಡಿಯಬೇಕಿತ್ತು. ಬಸ್ಸು ಹೊರಡುವಾಗ ಕಿಟಕಿಯಿಂದ ಮುಖ ಹೊರಗೆ ಹಾಕಿ, ಏನೋ ಮರೆತದ್ದು ನೆನಪಾದವನಂತೆ ಕೂಗಿದ.

"ಅಕ್ಕಾ, ಕಂಪ್ಯೂಟರಿನಾಗ ನಮ್ಮ ತಂಡ ಐತಿ. ಅರ್ಧಕ್ಕ ಬಿಟ್ಟೀನಿ. ನೋಡ್ಕೋ!"

"ಎಂಥಾ ತಂಡೋ?" ಎಂದೆ. ಅಷ್ಟರಲ್ಲಿ ಬಸ್ಸು ತಿರುವಿನಲ್ಲಿತ್ತು.

ನಾನಾಗ ಕುಷ್ಟಗಿಯ ಸರಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಹೊಸ ಶತಮಾನ ಬಂದು ಮೂರೋ ನಾಲ್ಕೋ ವರ್ಷವಾಗಿತ್ತು. ಒಂದು ಕಿರಾಣಿ ಅಂಗಡಿಯವರ ಮನೆಯ ಮೇಲಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆ. ತಮ್ಮ ಡಿಗ್ರಿ ಓದಲು ಬಂದು ಮೂರು ವರ್ಷ ನನ್ನ ಜೊತೆಗಿದ್ದ. ಅವನ ಓದಿಗೆಂದೇ ಗಂಗಾವತಿಯಿಂದ ಕಂಪ್ಯೂಟರು ತರಿಸಿದ್ದೆ. ಅದರ ಮುಂದೆ ಕೂತು ಅವನು ಏನು ಮಾಡುತ್ತಾನೆಂದು ನಾನು ಕೇಳಿದವಳಲ್ಲ. ರೊಟ್ಟಿ ಬಡಿಯುತ್ತ ಒಳಗಿನಿಂದಲೇ, "ಓದಾಕತ್ತಿಯಲ್ಲ?" ಎನ್ನುತ್ತಿದ್ದೆ. "ಹೂಂ ಅಕ್ಕಾ" ಎನ್ನುತ್ತಿದ್ದ.

ಎಳವೆಯಲ್ಲೇ ಪೋಲಿಯೋ ಆಗಿ ನನ್ನ ಎಡಗಾಲು ಬಡವಾಗಿದೆ. ಕಬ್ಬಿಣದ ಪಟ್ಟಿಯಿದ್ದ ಬೂಟು ಹಾಕಿಕೊಂಡು ನಡೆಯುತ್ತೇನೆ. ಊರಲ್ಲಿ ಹಿರಿಯರೊಬ್ಬರು ಅಪ್ಪನಿಗೆ, "ಇಕಿಗೆ ನೌಕರೀನ ಗಂಡ ಅಂತ ತಿಳಕೋರಿ, ಓದಸ್ರಿ" ಎಂದಿದ್ದರಂತೆ. ಅಪ್ಪ ಆ ಮಾತನ್ನು ನಡೆಸಿದರು. ಶಾಲೆಯಲ್ಲಿ ಆಟದ ಪೀರಿಯಡ್ಡು ಬಂದರೆ ಗೆಳತಿಯರ ಚಪ್ಪಲಿ, ಕೈಗಡಿಯಾರಗಳನ್ನು ಕಾಯುತ್ತ ಬೇವಿನ ಗಿಡದ ಕೆಳಗೆ ಕೂಡುವುದು ನನ್ನ ಪಾಲಿನ ಕೆಲಸವಾಗಿತ್ತು. ಕೊಕ್ಕೋ, ಕಬಡ್ಡಿ ಎಷ್ಟು ನೋಡಿದ್ದೇನೋ. ಫುಟ್‌ಬಾಲ್ ಮಾತ್ರ ನಮ್ಮ ಕಡೆ ಆಡುವವರೇ ಇರಲಿಲ್ಲ. ಹನ್ನೊಂದು ಮಂದಿ ಆಡುತ್ತಾರೆ, ಚೆಂಡನ್ನು ಕೈಯಿಂದ ಮುಟ್ಟಬಾರದು. ನನಗೆ ಗೊತ್ತಿದ್ದುದು ಇಷ್ಟೇ.

ತಮ್ಮ ಹೋದ ಮೇಲೆ ಸಂಜೆಗಳು ಬಹಳ ಉದ್ದವಾದವು. ಶಾಲೆಯಿಂದ ಬಂದು, ಚಹಾ ಕುಡಿದು, ಒಬ್ಬಳಿಗಾಗಿ ಎರಡು ರೊಟ್ಟಿ ಬಡಿದರೆ ಮುಗಿಯಿತು. ಕೆಳಗಿನ ಮನೆಯಿಂದ ಧಾರಾವಾಹಿಯ ಅಳು ಕೇಳುತ್ತಿತ್ತು. ನಾನು ಮಾತಾಡುತ್ತಿದ್ದುದು ಶಾಲೆಯಲ್ಲಿ ಮಾತ್ರ. ತಮ್ಮನ ಫೋನು ಬಾರದ ವಾರ, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟರೆ ಸೋಮವಾರದವರೆಗೆ ಬಾಯಿ ತೆರೆಯದೆ ಇದ್ದದ್ದೂ ಉಂಟು. ಒಂದು ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಗೆ "ಸಾಲಾಗಿ ನಿಲ್ರಿ" ಎಂದಾಗ ನನ್ನ ದನಿ ನನಗೇ ಒರಟಾಗಿ ಕೇಳಿ ಬೆಚ್ಚಿದ್ದೆ.

ಹಾಗಿರುವಾಗ ಒಂದು ಸಂಜೆ ಕಂಪ್ಯೂಟರಿನ ಮೇಲೆ ಹೊದಿಸಿದ್ದ ಹಳೆಯ ದುಪ್ಪಟಿ ತೆಗೆದು ಧೂಳು ಒರೆಸಿದೆ. ಒರೆಸಿದ್ದಕ್ಕೆ ಒಮ್ಮೆ ಚಾಲೂ ಮಾಡಿ ನೋಡೋಣವೆನ್ನಿಸಿತು. ಒಳಗಿನ ಫ್ಯಾನು ಗುಂಯ್ ಎಂದು ತಿರುಗತೊಡಗಿದಾಗ ಕೋಣೆಯಲ್ಲಿ ಇನ್ನೊಬ್ಬರು ಉಸಿರಾಡಿದಂತಾಯಿತು. ಪರದೆಯ ಮೂಲೆಯಲ್ಲಿ ಚೆಂಡಿನ ಚಿತ್ರವೊಂದಿತ್ತು. ಒತ್ತಿದೆ.

ಗೋಲು ಹೊಡೆಯುವ ಆಟವಿರಬೇಕೆಂದು ಎಣಿಸಿದ್ದೆ. ಬಂದದ್ದು ಕೋಷ್ಟಕಗಳು. ಹೆಸರು, ವಯಸ್ಸು, ಅಂಕಿ. ನಮ್ಮ ಶಾಲೆಯ ಹಾಜರಿ ಪುಸ್ತಕದಂತೆಯೇ ಕಂಡಿತು. ಇಂಗ್ಲೆಂಡಿನ ಯಾವುದೋ ಮೂಲೆಯ ಸಣ್ಣ ಊರಿನ ತಂಡ. ಕೆಳಗಿನ ದರ್ಜೆಯಲ್ಲಿ ಒದ್ದಾಡುತ್ತಿತ್ತು. ಅದರ ಮ್ಯಾನೇಜರು ನನ್ನ ತಮ್ಮ. ಪರದೆಯ ಮೇಲೆ ಬಂದ ಪತ್ರಗಳೆಲ್ಲ ಅವನ ಹೆಸರಿಗೇ ಇದ್ದವು. ಅವನ ಹೆಸರನ್ನು ಇಂಗ್ಲಿಷಿನಲ್ಲಿ ಹಾಗೆ ಗೌರವದಿಂದ ಬರೆದದ್ದನ್ನು ನೋಡಿ ಆ ಪತ್ರಗಳನ್ನು ಒಂದೊಂದಾಗಿ ಓದಿದೆ. ಮೂಲೆಯಲ್ಲಿ ಒಂದು ಗುಂಡಿ ಇತ್ತು. ಅದನ್ನು ಒತ್ತಿದರೆ ಒಂದು ದಿನ ಮುಂದೆ ಹೋಗುತ್ತಿತ್ತು. ಒತ್ತಿದೆ, ಇನ್ನೊಮ್ಮೆ ಒತ್ತಿದೆ, ಒತ್ತುತ್ತ ಹೋದೆ. ನೋಡನೋಡುತ್ತ ಶನಿವಾರ ಬಂತು, ಶನಿವಾರ ಪಂದ್ಯವಿತ್ತು. ಹನ್ನೊಂದು ಮಂದಿಯನ್ನು ಆರಿಸಿ ಎಂದಿತು.

ನಾನು ಸರಕಾರಿ ನೌಕರಳು. ಸೇವಾ ಹಿರಿತನ ನೋಡಿ ಆರಿಸಿದೆ. ಮೂವತ್ತಾರರವನು ಮೊದಲು, ಮೂವತ್ತೈದರವನು ಆಮೇಲೆ, ಹೀಗೆ. ಇಪ್ಪತ್ತರ ಹುಡುಗರನ್ನು, ಇನ್ನೂ ಕಲಿಯಲಿ ಎಂದು ಹೊರಗೆ ಕೂರಿಸಿದೆ. ಪಂದ್ಯ ಶುರುವಾದಾಗ ಹಸಿರು ಚೌಕವೊಂದು ಮೂಡಿ, ಅದರ ಮೇಲೆ ಅಂಗಿಯ ಗುಂಡಿಗಳಂಥ ಚುಕ್ಕಿಗಳು ಓಡಾಡತೊಡಗಿದವು. ನಮ್ಮವು ಕೆಂಪು. ಮೊದಲರ್ಧ ಹೇಗೋ ಕಳೆಯಿತು. ಆಮೇಲೆ ನನ್ನ ಹಿರಿಯರೆಲ್ಲ ನಿಂತಲ್ಲೇ ನಿಂತರು. ಎದುರಿನ ಹಳದಿ ಚುಕ್ಕಿಗಳು ಅವರ ನಡುವೆ ಹಾದು ಹೋಗುತ್ತಿದ್ದವು. ನಡುವೆ ನಮ್ಮದೊಂದು ಚುಕ್ಕಿ ಕಾಣೆಯಾಯಿತು. ಕಂಪ್ಯೂಟರು ಕೆಟ್ಟಿತೇನೋ ಎಂದು ಪರದೆಯ ತಲೆಗೆ ಎರಡು ಸಲ ತಟ್ಟಿದೆ. ರೆಡ್ ಕಾರ್ಡ್ ಕೊಟ್ಟು ಅವನನ್ನು ಹೊರಗೆ ಹಾಕಿದ್ದಾರೆಂದು ತಿಳಿದದ್ದು ವಾರದ ಮೇಲೆ. ಆರು ಗೋಲಿನಿಂದ ಸೋತೆವು. ಆಟದೊಳಗಿನ ಮರುದಿನದ ಪತ್ರಿಕೆಯವರು ಬೇರೆ ತಮ್ಮನ ಹೆಸರು ಹಿಡಿದು ಬೈದಿದ್ದರು.

ಪಾಪ, ಅವನು ಇರದೆ ಇರುವಾಗ ಅವನ ಹೆಸರು ಕೆಡಿಸಿದೆನಲ್ಲ ಎಂದು ನನಗೆ ನಿಜವಾಗಿಯೂ ಕೆಡುಕೆನ್ನಿಸಿತು.

ತಮ್ಮ ಭಾನುವಾರ ಬೆಳಿಗ್ಗೆ ಫೋನು ಮಾಡುತ್ತಿದ್ದ. ಫೋನು ಇದ್ದುದು ಕೆಳಗೆ, ಮಾಲೀಕರ ಪಡಸಾಲೆಯಲ್ಲಿ. ಮಾಲೀಕರ ಹೆಂಡತಿ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. "ಅಕ್ಕಾರ, ನಿಮ್ಮ ತಮ್ಮಂದು ಫೋನ್ ಬಂದೈತಿ, ಸಾವಕಾಶ ಇಳದು ಬರ್ರಿ" ಎಂದು ಮೆಟ್ಟಿಲ ಬುಡದಿಂದ ಕೂಗುತ್ತಿದ್ದರು. ನಾನು ಇಳಿಯುವಷ್ಟರಲ್ಲಿ ಅವನ ಸಮಯ ಅರ್ಧ ಮುಗಿದಿರುತ್ತಿತ್ತು. ಹಿಂದೆ ಸಾಲಿನಲ್ಲಿ ನಿಂತ ಹುಡುಗರ ಗದ್ದಲ ಕೇಳುತ್ತಿತ್ತು. ನಮಗೆ ಮಾತೇ ಹೊರಡುತ್ತಿರಲಿಲ್ಲ.

"ಆರಾಮದಿಯಾ?"

"ಆರಾಮದೀನಿ. ಉಂಡ್ಯಾ?"

"ಉಂಡೆ."

ಆಮೇಲೆ ತಂತಿಯ ಸದ್ದು ಮಾತ್ರ. ಅಂದು ಹಾಗೇ ಇಡಬೇಕೆನ್ನುವಾಗ ಹೇಳಿಬಿಟ್ಟೆ.

"ನಿನ್ನ ತಂಡ ಸೋತೈತೋ."

"ಏನಂದಿ? ನೀ ಆಡಾಕತ್ತಿಯೇನ ಅಕ್ಕಾ?"

"ಹೂಂ. ಭಾಳ ಕೆಟ್ಟ ಸೋತೀವಿ. ಆರು ಗೋಲು."

"ಯಾರ‍್ಯಾರನ್ನ ಆಡಿಸಿದಿ?"

"ಹಿರ‍್ಯಾರನ್ನ."

ಅವನು ನಕ್ಕ. ತರಬೇತಿಗೆ ಹೋದ ಮೇಲೆ ಅವನ ನಗೆ ಕೇಳಿದ್ದು ಅದೇ ಮೊದಲು. ಹಿಂದಿನವರು ಬೈಯುತ್ತಿದ್ದರೂ ನಗುತ್ತಲೇ ಇದ್ದ. "ಅಕ್ಕಾ, ಅದು ನಿಮ್ಮ ಸಾಲಿ ಅಲ್ಲ. ವಯಸ್ಸು ನೋಡಬ್ಯಾಡ, ಉಸುರು ನೋಡು. ಹೆಸರಿನ ಮುಂದ ಶೇಕಡಾ ಅಂತ ಬರದಿರತೈತಿ, ಅದು ದಣಿವಿನ ಲೆಕ್ಕ. ದಣದವನ್ನ ಕುಂದರಸು. ನಡುವ ಮೂರು ಮಂದೀನ್ನ ಬದಲಿ ಮಾಡಾಕ ಬರತೈತಿ, ಮಾಡು."

ಫೋನು ಕಟ್ಟಾಯಿತು. ವೈನಿ ಒಲೆಯ ಮುಂದಿನಿಂದ, "ಏನಂದ್ರಿ ತಮ್ಮ?" ಎಂದರು. "ದಣದವ್ರನ್ನ ಕುಂದರಸು ಅಂದಾನ್ರಿ" ಎಂದೆ. "ಖರೆ ಐತಿ ನೋಡ್ರಿ ಅದು, ಛಲೋ ಹುಡುಗ" ಎಂದು ಅವರು ತಲೆಯಾಡಿಸಿದರು.

ಅಲ್ಲಿಂದ ನನ್ನ ಪಾಠ ಶುರುವಾಯಿತು. ಅವನು ವಾರಕ್ಕೊಂದು ಸಂಗತಿ ಹೇಳುತ್ತಿದ್ದ. ಉಳಿದ ಆರು ದಿನ ನಾನು ಅದನ್ನು ಮಾಡಿ ನೋಡುತ್ತಿದ್ದೆ. ಪ್ರತಿ ಆಟಗಾರನಿಗೂ ವೇಗ, ದಮ್ಮು, ಪಾಸು, ಧೈರ್ಯ ಎಂದು ಇಪ್ಪತ್ತರ ಅಂಕಗಳಿರುತ್ತವೆ. ಮೊದಮೊದಲು ನಾನು ಎಲ್ಲವನ್ನೂ ಕೂಡಿಸಿ, ಒಟ್ಟು ಅಂಕ ಹೆಚ್ಚಿದ್ದವರನ್ನು ಮುಂದೆ ನಿಲ್ಲಿಸಿದೆ. ಮತ್ತೆ ಸೋತೆ. ಗೋಲು ಹೊಡೆಯುವವನಿಗೆ ತಡೆಯುವ ವಿದ್ಯೆ ಬೇಕಿಲ್ಲ, ತಡೆಯುವವನಿಗೆ ಹೊಡೆಯುವ ವಿದ್ಯೆ ಬೇಕಿಲ್ಲ ಎಂಬಷ್ಟು ಸರಳ ವಿಷಯ ತಲೆಗೆ ಹತ್ತಲು ಎಷ್ಟೋ ಪಂದ್ಯ ಬೇಕಾದವು. ಆಫ್‌ಸೈಡ್ ಎಂಬ ನಿಯಮ ಏನೆಂಬುದು ತಮ್ಮ ಫೋನಿನಲ್ಲಿ ಮೂರು ಭಾನುವಾರ ಹೇಳಿದರೂ ತಿಳಿಯಲಿಲ್ಲ. ಕೊನೆಗೆ ಒಂದು ಸಂಜೆ ಅಡುಗೆಮನೆಯ ನೆಲದ ಮೇಲೆ ಶೇಂಗಾ ಮತ್ತು ಕಡಲೆಗಳನ್ನು ಎರಡು ತಂಡವಾಗಿ ಹರಡಿ, ಒಂದು ಹುಣಸೆ ಬೀಜವನ್ನು ಚೆಂಡು ಮಾಡಿ ಸರಿಸುತ್ತ ಕೂತಾಗ ಫಕ್ಕನೆ ಹೊಳೆಯಿತು. ಖುಷಿಗೆ ಯಾರಿಗಾದರೂ ಹೇಳಬೇಕೆಂದು ಬಾಗಿಲವರೆಗೆ ಹೋದೆ. ಕೆಳಗೆ ಧಾರಾವಾಹಿ ನಡೆದಿತ್ತು. ತಿರುಗಿ ಬಂದು ಶೇಂಗಾ ಬಳಿದಿಟ್ಟೆ.

ತಂಡದ ಆಡಳಿತ ಮಂಡಳಿಯಿಂದ ತಮ್ಮನ ಹೆಸರಿಗೆ ಎಚ್ಚರಿಕೆ ಬಂತು. ಮುಂದಿನ ಐದು ಪಂದ್ಯಗಳಲ್ಲಿ ಸುಧಾರಿಸದಿದ್ದರೆ ಕೆಲಸದಿಂದ ತೆಗೆಯುತ್ತೇವೆ ಎಂದಿದ್ದರು. ಅವನು ಸೈನ್ಯದಿಂದ ತಿರುಗಿ ಬರುವಷ್ಟರಲ್ಲಿ ಇಲ್ಲಿ ಅವನ ನೌಕರಿ ಹೋಗಿರಬಾರದು ಎಂಬ ಹಟ ನನಗೆ. ಯಾವುದೂ ತೋಚದೆ ಎಲ್ಲರನ್ನೂ ಹಿಂದೆ ನಿಲ್ಲಿಸಿ ಬರೀ ತಡೆಯಲು ಹಚ್ಚಿದೆ. ಗೋಲಿಲ್ಲದೆ ಮೂರು ಪಂದ್ಯ ಸಮವಾದವು. ನಾಲ್ಕನೆಯದರಲ್ಲಿ ಮೂಲೆಯಿಂದ ಬಂದ ಚೆಂಡಿಗೆ ನಮ್ಮ ಎತ್ತರದ ಡಿಫೆಂಡರು ತಲೆ ಕೊಟ್ಟು ಗೆಲ್ಲಿಸಿಬಿಟ್ಟ. ಮೊದಲ ಗೆಲುವು! ಅದನ್ನು ಸೇವ್ ಮಾಡಿ ಉಳಿಸುವ ಮೊದಲೇ ಕರೆಂಟು ಹೋಯಿತು. ಕತ್ತಲಲ್ಲಿ ಕೂತು, ಹೋದ ಗೆಲುವಿನ ಬಗ್ಗೆ ಯೋಚಿಸಿದೆ. ತಿರುಗಿ ಕರೆಂಟು ಬಂದಾಗ ಅದೇ ಪಂದ್ಯವನ್ನು ಮತ್ತೆ ಆಡಬೇಕಾಯಿತು, ಆ ಸಲ ಒಂದೊಂದು ಗೋಲಿನಿಂದ ಸಮವಾಯಿತು. ಹೇಗೋ ನೌಕರಿ ಉಳಿಯಿತು. ಅವತ್ತಿನಿಂದ ನಾನು ಏನು ಮಾಡುವ ಮೊದಲೂ ಉಳಿಸುವ ಗುಂಡಿ ಒತ್ತಲು ಕಲಿತೆ.

ವೈನಿಗೆ ನಮ್ಮ ಫೋನಿನ ಮಾತು ಕೇಳಿ ಕೇಳಿ ಬೇರೆಯೇ ಸಂಶಯ ಹತ್ತಿತ್ತು. ಒಂದು ಭಾನುವಾರ ನಾನು, "ಆ ಮುದುಕನ್ನ ಮಾರಿಬಿಟ್ಟೆ. ಅವನ ಬದ್ಲಿ ಹತ್ತೊಂಬತ್ತರ ಹುಡುಗನ್ನ ತಂದೀನಿ, ಭಾಳ ಛಲೋ ಅದಾನ" ಎಂದು ಹೇಳಿ ಫೋನು ಇಟ್ಟು ತಿರುಗಿದರೆ, ಅವರು ಕೈಯಲ್ಲಿ ಸೌಟು ಹಿಡಿದು ನಿಂತಿದ್ದರು.

"ಯಾರನ್ನ ಮಾರಿದ್ರಿ ಅಕ್ಕಾರ?"

ಅವರನ್ನು ಮೇಲೆ ಕರೆದುಕೊಂಡು ಹೋಗಿ ತೋರಿಸಿದೆ. ಕುರ್ಚಿಯ ತುದಿಯಲ್ಲಿ ಕೂತು, ಕೆಂಪು ಚುಕ್ಕಿಗಳು ಓಡುವುದನ್ನು ಬಹಳ ಹೊತ್ತು ನೋಡಿದರು. "ಇವ್ರೆಲ್ಲಾ ನೀವು ಹೇಳ್ದಂಗ ಕೇಳತಾರೇನ್ರಿ?" "ಒಮ್ಮೊಮ್ಮೆ ಕೇಳತಾರ್ರಿ." "ಅಷ್ಟಾರ ಕೇಳತಾರಲ್ಲ" ಎಂದು ನಿಟ್ಟುಸಿರು ಬಿಟ್ಟು ಇಳಿದು ಹೋದರು.

ಆ ಹತ್ತೊಂಬತ್ತರ ಹುಡುಗನ ಬಗ್ಗೆ ಹೇಳಬೇಕು. ಅವನಿಗೆ ಓಡಲು ಬರುತ್ತಿರಲಿಲ್ಲ. ವೇಗಕ್ಕೆ ಇಪ್ಪತ್ತಕ್ಕೆ ಐದು ಅಂಕ. ಬೇರೆ ತಂಡದವರು ಬೇಡವೆಂದು ಕೈಬಿಟ್ಟಿದ್ದರು. ಆದರೆ ಚೆಂಡನ್ನು ಎಲ್ಲಿಗೆ ಕಳಿಸಬೇಕೆಂದು ಕಾಣುವ ಗುಣಕ್ಕೆ ಹತ್ತೊಂಬತ್ತು ಇತ್ತು. ಮನಸ್ಸಿನಲ್ಲಿ ನಾನವನನ್ನು ‘ನಿಧಾನಿ’ ಎನ್ನುತ್ತಿದ್ದೆ. ಮೈದಾನದ ನಡುವೆ ನಿಲ್ಲಿಸಿದರೆ ಅವನು ನಿಂತಲ್ಲಿಂದಲೇ ಎಡಕ್ಕೋ ಬಲಕ್ಕೋ ಒಂದು ಉದ್ದ ಪಾಸು ಕೊಡುತ್ತಿದ್ದ, ನಮ್ಮ ಓಟಗಾರರು ಹೋಗಿ ಅದನ್ನು ಮುಟ್ಟುತ್ತಿದ್ದರು.

ತಮ್ಮ ಫೋನಿನಲ್ಲಿ ತಕರಾರು ತೆಗೆದ. "ಅವನ್ನ ಯಾಕ ಇಟ್ಕೊಂಡಿ ಅಕ್ಕಾ? ಓಡಾಕಽ ಬರೂದಿಲ್ಲ ಅವಂಗ."

"ಓಡಾವ್ರು ಬ್ಯಾರೆ ಅದಾರ. ಅವ ನೋಡ್ತಾನ."

ಸಾಲಿನಲ್ಲಿದ್ದ ಯಾರೋ ಹಿಂದಿಯಲ್ಲಿ ಅವಸರಪಡಿಸುವುದು ಕೇಳಿತು. "ಇರ್ಲಿ ಬಿಡು, ಆಡಸು" ಎಂದು ಇಟ್ಟ.

ಆ ವರ್ಷ ನಿಧಾನಿಯನ್ನು ಇಟ್ಟುಕೊಂಡೇ ನಾವು ಮೇಲಿನ ದರ್ಜೆಗೆ ಏರಿದೆವು. ತಮ್ಮನಿಗೆ ಹೇಳಲು ಭಾನುವಾರ ಕಾದೆ. ಫೋನು ಬರಲಿಲ್ಲ. ತರಬೇತಿ ಮುಗಿದು ಅವನನ್ನು ಗಡಿಯ ಕಡೆ ಹಾಕಿದ್ದರು. ಆಮೇಲೆ ಫೋನು ತಿಂಗಳಿಗೊಮ್ಮೆಯಾಯಿತು. ಮೊದಲ ರಜೆಗೆ ಬಂದಾಗ ಕುಕನೂರಿನಲ್ಲಿ ಅಣ್ಣನ ಮನೆಯ ಸ್ಲ್ಯಾಬು ಹಾಕುವ ಕೆಲಸ ನಡೆದಿತ್ತು. ಅವನ ರಜೆಯೆಲ್ಲ ಅದಕ್ಕೇ ಹೋಯಿತು. ನನ್ನ ಕೋಣೆಗೆ ಒಂದು ಮಧ್ಯಾಹ್ನ ಬಂದು ಊಟ ಮಾಡಿದ. ಅಂದು ಕರೆಂಟಿರಲಿಲ್ಲ. ದುಪ್ಪಟಿ ಹೊದಿಸಿದ ಕಂಪ್ಯೂಟರಿನ ಕಡೆ ನೋಡಿ, "ಮುಂದಿನ ಸಲ ನೋಡೂಣು" ಎಂದು ಎದ್ದ.

ಅದಾದ ಮಳೆಗಾಲದಲ್ಲಿ ಕಂಪ್ಯೂಟರು ಕೆಟ್ಟಿತು. ಚಾಲೂ ಮಾಡಿದರೆ ಕಪ್ಪು ಪರದೆ, ಒಳಗಿನಿಂದ ಹಲ್ಲು ಕಡಿದಂಥ ಸದ್ದು. ಕುಷ್ಟಗಿಯಲ್ಲಿ ನೋಡಿದವರು ಗಂಗಾವತಿಗೇ ಒಯ್ಯಿರಿ ಎಂದರು. ಭಾನುವಾರ ಅದರ ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ನನ್ನ ಕಾಲು ನೋಡಿ ಮುಂದಿನ ಸೀಟು ಬಿಡಿಸಿಕೊಟ್ಟ. ಡಬ್ಬಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ತಬ್ಬಿ ಕೂತೆ. ಕಾಲುವೆಯ ಸೀಮೆ ಬಂದು ಗದ್ದೆಗಳ ಹಸಿರು ಕಾಣತೊಡಗಿದಾಗ, ಪಕ್ಕದಲ್ಲಿದ್ದ ಮುದುಕಿ ಕೇಳಿದಳು, "ಏನೈತವ್ವಾ ಅದರಾಗ, ಹಂಗ ಹಿಡಕೊಂಡೀಯಲ್ಲ?" "ಮಷೀನ್ ಐತಬೇ" ಎಂದೆ.

ಗಂಗಾವತಿಯಲ್ಲಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಂಗಡಿ. ಅಂಗಡಿಯವರು ನಡುವಯಸ್ಸಿನವರು, ಮನೆಮಾತು ತೆಲುಗು. ಡಬ್ಬಿ ಬಿಚ್ಚಿ, ತಮ್ಮ ಯಂತ್ರಕ್ಕೆ ತಗುಲಿಸಿ ನೋಡಿ ತಲೆಯಾಡಿಸಿದರು.

"ಡಿಸ್ಕ್ ಹೋಗೈತ್ರಿ ಮೇಡಂ. ಬ್ಯಾರೆ ಹಾಕ್ಬೇಕು. ಇದರಾಗಿಂದೆಲ್ಲಾ ಹೋಗತೈತಿ."

"ಎಲ್ಲಾ ಹೋಗತೈತ್ರಿ?"

"ಎಲ್ಲಾ. ಸಾಲೀದು ಪ್ರಶ್ನೆಪತ್ರಿಕೆ ಏನರ ಇದ್ದವೇನ್ರಿ?"

ಇಲ್ಲವೆಂದು ತಲೆಯಾಡಿಸಿದೆ. ಪರವೂರಿನ ಅಂಗಡಿಯಲ್ಲಿ, ನಾಲ್ಕು ಮಂದಿ ಗಿರಾಕಿಗಳ ಮುಂದೆ ನಾನು ಅಳತೊಡಗಿದೆ. ತಮ್ಮ ಹೋದ ದಿನ ಬಾರದ ಅಳು ಅಲ್ಲಿ ಬಂತು. ಅಂಗಡಿಯವರು ಗಾಬರಿಯಾಗಿ ಸ್ಟೂಲು ತಂದರು, ನೀರು ತರಿಸಿದರು.

"ಏನಿತ್ತು ಹೇಳ್ರಿ ಮೇಡಂ."

"ಒಂದು ಫುಟ್‌ಬಾಲ್ ತಂಡ ಇತ್ರಿ. ನಮ್ಮ ತಮ್ಮಂದು. ಅವ ಮಿಲಿಟ್ರಿಯಾಗ ಅದಾನ."

ಅವರು ನಗಲಿಲ್ಲ. "ಸಂಜೀಮಟಾ ಕುಂದರ್ತೀರೇನ್ರಿ? ನೋಡೂಣು" ಎಂದರು. ಡಿಸ್ಕನ್ನು ಬಿಚ್ಚಿ, ತಣ್ಣಗಾಗಲು ಬಿಟ್ಟು, ಮತ್ತೆ ತಗುಲಿಸಿ, ಸ್ವಲ್ಪ ಸ್ವಲ್ಪವೇ ಹೊಸದಕ್ಕೆ ಇಳಿಸಿಕೊಳ್ಳುತ್ತ ಮಧ್ಯಾಹ್ನವೆಲ್ಲ ಅದರ ಹಿಂದೆ ಬಿದ್ದರು. ನಾನು ಸ್ಟೂಲಿನ ಮೇಲೆ ಕೂತೇ ಇದ್ದೆ. ತಮ್ಮನ ಪರೀಕ್ಷೆಯ ನೋಟ್ಸು ಹೋದವು, ಅವನು ಸೇರಿಸಿಟ್ಟಿದ್ದ ಹಾಡುಗಳು ಹೋದವು, ಅಣ್ಣನ ಮದುವೆಯ ಫೋಟೋಗಳೂ ಹೋದವು. ತಂಡ ಉಳಿಯಿತು. ಪರದೆಯ ಮೇಲೆ ನಿಧಾನಿಯ ಹೆಸರು ಕಂಡಾಗ ಬೆರಳಿಟ್ಟು ತೋರಿಸಿ, "ಇವ ನೋಡ್ರಿ" ಎಂದೆ. "ಛಲೋ ಆತು ಬಿಡ್ರಿ" ಎಂದು ಅವರು ಬೆವರು ಒರೆಸಿಕೊಂಡರು.

ಆಟದಲ್ಲಿ ವರ್ಷಗಳು ಬೇಗ ಉರುಳುತ್ತವೆ. ನಮ್ಮ ಒಂದು ವರ್ಷದಲ್ಲಿ ಅಲ್ಲಿ ನಾಲ್ಕೈದು ಕಳೆದುಬಿಡುತ್ತವೆ. ಹುಡುಗರಾಗಿ ಬಂದವರು ಕಣ್ಣೆದುರೇ ದೊಡ್ಡವರಾದರು. ವೇಗದ ಅಂಕ ಇಳಿಯತೊಡಗಿದರೆ ಅವರ ದಿನ ಮುಗಿಯುತ್ತ ಬಂತೆಂದು ಅರ್ಥ. ನಿಧಾನಿಗೆ ಇಳಿಯಲು ವೇಗವೇ ಇರಲಿಲ್ಲವಾದ್ದರಿಂದ ಉಳಿದವರಿಗಿಂತ ಹೆಚ್ಚು ಕಾಲ ಉಳಿದ. ಮೂವತ್ತೈದು ತುಂಬಿದ ಮೇಲೂ ಆಡಿಸಿದೆ. ಒಂದು ಸಂಜೆ ಪತ್ರಗಳ ನಡುವೆ ಒಂದೇ ಸಾಲು ಬಂತು. ಈ ಆಟಗಾರ ನಿವೃತ್ತನಾಗಿದ್ದಾನೆ ಎಂದಿತ್ತು. ಅವನ ಹೆಸರು ಒತ್ತಿ ನೋಡಿದೆ. ಏನೂ ತೆರೆಯಲಿಲ್ಲ.

ವೈನಿ ಅಂದು ಹಬ್ಬದ ಕಡಬು ಕೊಡಲು ಮೇಲೆ ಬಂದಿದ್ದರು. ನನ್ನ ಮುಖ ನೋಡಿ ತಟ್ಟೆ ಕೆಳಗಿಟ್ಟರು.

"ಯಾಕ್ರಿ ಅಕ್ಕಾರ? ಊರಾಗ ಏನರ ಸುದ್ದಿ?"

"ಏನಿಲ್ರಿ ವೈನಿ. ನಮ್ಮ ತಂಡದಾಗ ಒಬ್ಬ ಇದ್ದ. ಇವತ್ತ ಬಿಟ್ಟು ಹ್ವಾದ."

"ಜಗಳಾಡಿದ್ನೇನ್ರಿ?"

"ಇಲ್ರಿ. ವಯಸ್ಸಾತು."

ಅವರು ಸೆರಗು ಸರಿಮಾಡಿಕೊಂಡು ಕೂತರು. ಚುಕ್ಕಿಗಳ ಆಟವೆಂದು ಗೊತ್ತಿದ್ದೂ ಕೇಳಿದರು, "ಪಾಪ. ಅವಂಗ ಮನ್ಯಾಗ ಯಾರದಾರ್ರಿ?"

"ಗೊತ್ತಿಲ್ರಿ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಆ ಆಟದಲ್ಲಿ ಅದನ್ನೆಲ್ಲ ಹೇಳುವುದಿಲ್ಲ. ಅವರು ತಟ್ಟೆಯನ್ನು ನನ್ನ ಕಡೆ ಸರಿಸಿದರು. ಆಮೇಲೆ ಕಡಬು ತಿಂದೆ.

ಅಷ್ಟೊತ್ತಿಗೆ ನನ್ನ ಬಳಿಯೂ ಮೊಬೈಲು ಬಂದಿತ್ತು. ತಮ್ಮನಿಗೆ ಈ ಸುದ್ದಿ ಹೇಳಬೇಕೆಂದು ನಾನೇ ಫೋನು ಹಚ್ಚಿದೆ. ಅವನ ಸುತ್ತ ಗೆಳೆಯರ ನಗೆ ಕೇಳುತ್ತಿತ್ತು, ಯಾರೋ ಹಾಡುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ, "ಯಾರು?" ಎಂದ. ಮತ್ತೊಮ್ಮೆ ಹೇಳಿದೆ.

"ಅಕ್ಕಾ, ನೀ ಇನ್ನೂ ಅದನ್ನ ಆಡ್ತಿಯೇನ?" ಎಂದ. ಅಚ್ಚರಿಯಷ್ಟೇ ಇತ್ತು ದನಿಯಲ್ಲಿ, ಕೊಂಕಿರಲಿಲ್ಲ. "ಒಮ್ಮೊಮ್ಮೆ" ಎಂದೆ. ಬೇರೆ ಮಾತಾಡಿದೆವು. ಆ ವಾರವೆಲ್ಲ ಕಂಪ್ಯೂಟರು ಮುಟ್ಟಲಿಲ್ಲ.

ಆಮೇಲೆ ಒಂದು ದೊಡ್ಡ ರಜೆಗೆ ಅವನು ಬಂದಾಗ ಗುರುತು ಸಿಗದಷ್ಟು ಬದಲಾಗಿದ್ದ. ಎದೆ ಅಗಲವಾಗಿತ್ತು, ಮೀಸೆ ಬಂದಿತ್ತು, ಊಟಕ್ಕೆ ಕೂತರೆ ಬೆನ್ನು ನೆಟ್ಟಗೆ. ಎರಡು ದಿನ ನನ್ನ ಬಳಿಯೇ ಇರುತ್ತೇನೆಂದು ಬಂದ. ಸಂಜೆ ತಾನಾಗಿಯೇ ಹೇಳಿದ, "ತೋರ್ಸು ನೋಡೂಣು ತಂಡ."

ತೆರೆದುಕೊಟ್ಟೆ. ಎರಡನೆಯ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಅವನು ಹೆಸರುಗಳನ್ನು ಮೇಲಿನಿಂದ ಕೆಳಗೆ ಓದಿದ. ಮತ್ತೆ ಕೆಳಗಿನಿಂದ ಮೇಲೆ ಓದಿದ.

"ನನ್ನ ಕಾಲದವ್ರು ಯಾರೂ ಇಲ್ಲಲ್ಲ ಅಕ್ಕಾ."

"ವರ್ಷ ಭಾಳ ಆದುವಲ್ಲೋ ಅಲ್ಲಿ."

"ಆ ಗೋಲ್‌ಕೀಪರು? ಎರಡ ಮೀಟರ್ ಎತ್ತರ ಇದ್ದನಲ್ಲ?"

"ಅವ ಹೋಗಿ ಭಾಳ ದಿನ ಆತು."

"ಹೌದಾ" ಎಂದ. ಒಂದು ಪಂದ್ಯ ಆಡೋಣವೆಂದ. ಆಡಿದೆವು. ಗೋಲು ಬಿದ್ದಾಗ ಕೂಗಿದ. ನಡುವೆ, "ಅವನ್ನ ತಗದು ಇವನ್ನ ಹಾಕು" ಎಂದ. ನಾನು ಬೇಡವೆಂದೆ. "ಯಾಕ?" ಎಂದ. ಆ ಹುಡುಗ ಹಿಂದಿನ ವಾರವಷ್ಟೇ ಗಾಯದಿಂದ ಎದ್ದಿದ್ದ. ಅದನ್ನು ವಿವರಿಸುತ್ತ ಹೋದೆ, ಅರ್ಧದಲ್ಲಿ ಅವನ ಕಣ್ಣು ಮೊಬೈಲಿನ ಕಡೆ ಹೋದದ್ದು ಕಂಡಿತು. ಪತ್ರಗಳ ಮೇಲೆ ಇನ್ನೂ ಅವನ ಹೆಸರೇ ಇತ್ತು. ಅದನ್ನು ಅವನು ಗಮನಿಸಲಿಲ್ಲ, ನಾನೂ ತೋರಿಸಲಿಲ್ಲ.

ಅವನು ತಿರುಗಿ ಹೋಗುವ ದಿನ ಕೊಪ್ಪಳದವರೆಗೆ ಹೋದೆ. ರೈಲಿಗೆ ಬಹಳ ಹೊತ್ತಿತ್ತು. ಕ್ರೀಡಾಂಗಣದಲ್ಲಿ ಕಾಲೇಜು ಹುಡುಗರ ಫುಟ್‌ಬಾಲ್ ಪಂದ್ಯವಿದೆಯೆಂದು ಚಹಾದಂಗಡಿಯಲ್ಲಿ ಯಾರೋ ಅಂದದ್ದು ಕಿವಿಗೆ ಬಿದ್ದು, ತಮ್ಮ ಆಟೋ ಹಿಡಿದ. ಮೆಟ್ಟಿಲುಗಳ ಕೆಳಗಿನ ಸಾಲಿನಲ್ಲೇ ನನ್ನನ್ನು ಕೂರಿಸಿ, ತನ್ನ ಸೈನ್ಯದ ಟ್ರಂಕನ್ನು ಕಾಲಬಳಿ ಇಟ್ಟುಕೊಂಡ.

ಅಷ್ಟು ವರ್ಷ ತಂಡ ನಡೆಸಿದವಳು ನಿಜವಾದ ಫುಟ್‌ಬಾಲ್ ನೋಡಿದ್ದು ಅವತ್ತೇ. ಅದು ಇಷ್ಟು ಸದ್ದು ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ. ಚೆಂಡಿಗೆ ಕಾಲು ತಾಗುವ ಸದ್ದು, ಉಸಿರಿನ ಸದ್ದು, ಕೆಂಧೂಳು, ಒಬ್ಬರನ್ನೊಬ್ಬರು ಬೈದುಕೊಳ್ಳುವುದು. ಹುಲ್ಲು ಹೆಸರಿಗಷ್ಟೇ ಇತ್ತು. ಸ್ವಲ್ಪ ಹೊತ್ತಿಗೆ ಕಣ್ಣು ಹೊಂದಿಕೊಂಡಿತು. ಯಾರು ಎಲ್ಲಿ ನಿಂತಿದ್ದಾರೆ, ಯಾಕೆ ನಿಂತಿದ್ದಾರೆ ಎಂದು ತಿಳಿಯತೊಡಗಿತು. ನೀಲಿ ಅಂಗಿಯವರ ಎಡ ಮೂಲೆಯ ಹುಡುಗ ಪದೇ ಪದೇ ಮೊಣಕಾಲಿಗೆ ಕೈ ಊರಿ ನಿಲ್ಲುತ್ತಿದ್ದ.

"ಆ ಹುಡುಗ ದಣದಾನ. ತಗೀಬೇಕವನ್ನ" ಎಂದೆ.

"ಹೋಗಿ ಹೇಳು ಹಂಗಾರ" ಎಂದು ತಮ್ಮ ನಕ್ಕ.

ಹತ್ತು ನಿಮಿಷದಲ್ಲಿ ಎದುರಿನವರು ಅದೇ ಮೂಲೆಯಿಂದ ನುಗ್ಗಿ ಗೋಲು ಹೊಡೆದರು. ಆ ಹುಡುಗ ನೆಲಕ್ಕೆ ಕೂತುಬಿಟ್ಟ. ತಮ್ಮ ನಗು ನಿಲ್ಲಿಸಿ ನನ್ನ ಕಡೆ ತಿರುಗಿದ. ಬಹಳ ಹೊತ್ತಿನ ಮೇಲೆ, ಮೈದಾನದ ಕಡೆ ನೋಡುತ್ತಲೇ ಮಾತು ತೆಗೆದ.

"ಟ್ರೇನಿಂಗ್‌ನಾಗ ಮೊದಲ್ನೇ ತಿಂಗಳ ನಾ ಓಡಿ ಬರಾವ ಇದ್ದೆ ಅಕ್ಕಾ. ಫೋನಿನಾಗ ನೀ ಉಂಡ್ಯಾ ಅಂದ್ರ ಅಳು ಬರತಿತ್ತು. ಹಿಂದ ಹುಡುಗೋರು ನಿಂತಿರತಿದ್ರು, ಅಳಾಕ ಬರೂದಿಲ್ಲ. ತಂಡದ ಮಾತ ಬಂದ್ರ ಮಾತಾಡಾಕ ಬರತಿತ್ತು."

"ನಂಗೂ ಹಂಗಽ ಇತ್ತು" ಎಂದೆ.

ಅವನು ಟ್ರಂಕನ್ನು ಹತ್ತಿರ ಎಳೆದುಕೊಂಡ. ಆಮೇಲೆ ಗಡಿಯಾರ ನೋಡಿ, "ಏಳೂಣು ಅಕ್ಕಾ, ಹೊತ್ತಾತು" ಎಂದ. ನಿಲ್ದಾಣದಲ್ಲಿ ಕಾಲುಮುಟ್ಟಿ ನಮಸ್ಕರಿಸಿದ. ಬಾಗಿದಾಗ ಕೈ ಬೂಟಿನ ಪಟ್ಟಿಯ ಮೇಲೆ ಒಂದು ಗಳಿಗೆ ನಿಂತಿತು.

ಅದಾದ ಮೇಲೆ ನನಗೆ ಯಲಬುರ್ಗಾಕ್ಕೆ ವರ್ಗವಾಯಿತು. ವೈನಿಯವರನ್ನು ಬಿಟ್ಟು ಬರುವಾಗ ಇಬ್ಬರೂ ಅತ್ತೆವು. ತಮ್ಮನಿಗೆ ಮದುವೆಯಾಯಿತು, ಎರಡು ಮಕ್ಕಳಾದವು. ಮಕ್ಕಳು ನನ್ನನ್ನು ಅತ್ತೆ ಎನ್ನುತ್ತ ಹಿಂದಿ ಬೆರೆಸಿ ಮಾತಾಡುತ್ತವೆ. ಈಗಲೂ ಭಾನುವಾರ ಫೋನು ಮಾಡುತ್ತಾನೆ. ಕಾಲಿನ ನೋವು, ಮಾತ್ರೆ, ಅಪ್ಪನ ಕಣ್ಣಿನ ಆಪರೇಷನ್ನು, ಅಣ್ಣನ ಹೊಲದ ಸುದ್ದಿ, ಮಾತಿಗೆ ಕೊರತೆಯಿಲ್ಲ. ತಂಡದ ಬಗ್ಗೆ ಕೇಳುವುದಿಲ್ಲ. ಮರೆತಿರಬೇಕು, ಅಥವಾ ನಾನು ಬಿಟ್ಟೆನೆಂದು ತಿಳಿದಿರಬೇಕು.

ಹಳೆಯ ಕಂಪ್ಯೂಟರು ಎಂದೋ ಹೋಯಿತು, ಅದರೊಂದಿಗೆ ಆ ತಂಡವೂ ಹೋಯಿತು. ಈಗಿನದು ಹೊಸ ಆಟ. ಇದರಲ್ಲಿ ಚುಕ್ಕಿಗಳಿಗೆ ಕೈಕಾಲು ಬಂದಿವೆ, ಗೋಲು ಹೊಡೆದವನು ಮಂಡಿಯೂರಿ ಜಾರುತ್ತಾನೆ. ಮೊದಲ ದಿನ ಮ್ಯಾನೇಜರಿನ ಹೆಸರು ಕೇಳಿದಾಗ ಸ್ವಲ್ಪ ಹೊತ್ತು ಬೆರಳು ತಡೆಯಿತು. ಆಮೇಲೆ ನನ್ನದೇ ಬರೆದೆ. ತಂಡ ಮಾತ್ರ ಅದೇ ಸಣ್ಣ ಊರಿನದನ್ನು ಆರಿಸಿಕೊಂಡೆ. ಅಲ್ಲಿ ಯಾರೂ ಪರಿಚಯದವರಿರಲಿಲ್ಲ. ಒಬ್ಬೊಬ್ಬರದೇ ಅಂಕ ಓದುತ್ತ, ಯಾರು ದಣಿದಿದ್ದಾರೆ, ಯಾರನ್ನು ಕೂರಿಸಬೇಕು ಎಂದು ನೋಡುತ್ತ ಮೊದಲಿನಿಂದ ಶುರು ಮಾಡಿದೆ.

ಹೋದ ಶನಿವಾರ ಗೆದ್ದೆವು. ಒಲೆಯ ಮೇಲೆ ಚಹಾ ಉಕ್ಕಿ ಹೋಗಿತ್ತು. ಎದ್ದು ಹೋಗಿ ಒರೆಸಿದೆ.